ನುಣುಪಾದ ಕಚ್ಚು

ಆ ಪರೀಕ್ಷಾಲಯದಲ್ಲಿ ಅವಳಿಗೆ ‘ಆಯಸ್ಸಮ್ಮ’ ಎಂದೇ ಹೆಸರು. ಉಕ್ಕಿನ ಆಯಸ್ಸು ಹೇಳುವುದೇ ಅವಳ ಕೆಲಸ. ಬಸ್ಸಿನ ಆಕ್ಸಲ್ ತುಂಡಿಗೆ ಒಂದು ಕಚ್ಚು ಕೊರೆಸಿ, ಯಂತ್ರಕ್ಕೆ ಸಿಕ್ಕಿಸಿ, ಅತ್ತ ಇತ್ತ ಬಗ್ಗಿಸುತ್ತಲೇ ಹೋದರೆ ಅದು ಯಾವಾಗ ಮುರಿಯುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ಅವಳ ಲೆಕ್ಕ ತಪ್ಪಿದ್ದು ಕಡಿಮೆ. ಮನುಷ್ಯರ ವಿಷಯದಲ್ಲಿ ಮಾತ್ರ ದೊಡ್ಡ ಸೊನ್ನೆ ಬಿಡಿ. ತಾಯಿ ತೀರಿದ ಮೇಲೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ; ತಂಗಿ ಫೋನ್ ಮಾಡಿದರೂ ತನ್ನ ಮಕ್ಕಳ ಪುರಾಣ ಮುಗಿಸಿ ಇಟ್ಟುಬಿಡುತ್ತಿದ್ದಳು.

ದಿನಕ್ಕೆ ನಾಲ್ಕು ಮಾತು ಅಂತ ಇದ್ದದ್ದು ಲೇತ್ ಯಂತ್ರ ನಡೆಸುವವನ ಜೊತೆ; ಅವನನ್ನು ಅವಳು ಅಣ್ಣ ಎನ್ನುತ್ತಿದ್ದಳು. ಕಚ್ಚು ಕೊರೆಯುವವನು ಅವನೇ. ಸಂಜೆ ಯಂತ್ರದ ಪಕ್ಕದ ಬೆಂಚಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅವನಿಗೆ ನಿವೃತ್ತಿಯ ವಯಸ್ಸು ದಾಟಿತ್ತು. ಆಗ ನಡೆಯುತ್ತಿದ್ದ ಹೊಸ ಉಕ್ಕಿನ ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ಮೇಲಿನವರು ಬಿಟ್ಟಿದ್ದರು.

ಆ ಉಕ್ಕಿನ ತುಂಡು ಅವಳು ಹೇಳಿದ ದಿನ ಮುರಿಯಲಿಲ್ಲ. ಮುಂದಿನ ವಾರವೂ ಜಪ್ಪಯ್ಯ ಅನ್ನಲಿಲ್ಲ. ಆಯಸ್ಸಮ್ಮನ ಬಾಯಿ ಸುಳ್ಳಾಯಿತು ಎಂದು ಉಳಿದವರು ನಕ್ಕರು. ಅವಳಿಗೆ ಬೇಸರವೆಲ್ಲಿ, ಖುಷಿ! ಸಂಜೆಯ ಚಹಾ ಇನ್ನಷ್ಟು ದಿನ ನಡೆಯುತ್ತದಲ್ಲ. ಏನೋ ಎಡವಟ್ಟಾಗಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದಳು.

ಆದರೆ ಇಷ್ಟು ತಾಳುವುದಾದರೆ ಇದನ್ನೇ ಬಸ್ಸುಗಳಿಗೆ ಹಾಕಬಹುದೆಂದು ಮುಖ್ಯಸ್ಥರು ಅಂದ ದಿನ ಅವಳು ಯಂತ್ರ ನಿಲ್ಲಿಸಿ ಭೂತಗನ್ನಡಿಯಲ್ಲಿ ನೋಡಿದಳು. ಕಚ್ಚಿನ ತಳ ಫಳಫಳ ಹೊಳೆಯುತ್ತಿತ್ತು. ಕಾರ್ಖಾನೆಯ ಮಾಲಿನಲ್ಲಿರುವ ಹಾಗೆ ಗೀರುಗಳನ್ನು ಬಿಟ್ಟಿರಬೇಕಿತ್ತು. ಯಾರೋ ಎಮರಿ ಪೇಪರಿನಿಂದ ಉಜ್ಜಿ ನುಣುಪು ಮಾಡಿಬಿಟ್ಟಿದ್ದರು. ಗೀರಿಲ್ಲದ ಕಡೆ ಬಿರುಕು ಬೇಗ ಹುಟ್ಟುವುದಿಲ್ಲ.

“ಅಣ್ಣಾ, ಇದನ್ನ ಉಜ್ಜಿದ್ದು ನೀವಾ?”

ಅವನು ಕೈ ಒರೆಸಿಕೊಳ್ಳುತ್ತ ನಿಂತ. “ಹೂಂ ಅಮ್ಮಾ. ಇದು ಬೇಗ ಮುರಿದ್ರೆ ನಾನು ಎಲ್ಲಿಗೆ ಹೋಗ್ಲಿ? ಮನೇಲಿ ಗೋಡೆ ಬಿಟ್ರೆ ಮಾತಾಡ್ಸೋಕೆ ಯಾರಿದ್ದಾರೆ?”

ನನಗೂ ಅಷ್ಟೇ ಅಣ್ಣಾ ಎನ್ನಬೇಕೆಂದುಕೊಂಡಳು. ಬಾಯಿಗೆ ಬಂದದ್ದೇ ಬೇರೆ.

“ಬಸ್ಸಲ್ಲಿ ಜನ ಕೂತಿರ್ತಾರೆ. ಇನ್ನೊಂದು ಕೊರೆದುಕೊಡಿ. ಗೀರು ಹಾಗೇ ಇರ್ಲಿ.”

ಅವನು ಕೊರೆದುಕೊಟ್ಟ. ಹೊಸ ತುಂಡು ಅವಳು ಹೇಳಿದ ಹೊತ್ತಿಗೇ ಟಪ್ಪೆಂದು ಮುರಿಯಿತು. ಮುಖ್ಯಸ್ಥರು ಎಲ್ಲರೆದುರು ಭೇಷ್ ಎಂದರು. ಅಣ್ಣ ಚೀಲ ಹೆಗಲಿಗೇರಿಸಿ, ಬರ್ತೀನಮ್ಮಾ ಎಂದು ಗೇಟಿನತ್ತ ನಡೆದ. ಹಾಳಾದ್ದು, ಲೆಕ್ಕ ಇದೊಂದು ಸಲವಾದರೂ ತಪ್ಪಬಾರದಿತ್ತೇ ಎಂದು ಅವಳು ಮುಖ ತಿರುಗಿಸಿ ಅತ್ತಳು. ಇಷ್ಟು ವರ್ಷ ಜೊತೆಗಿದ್ದೂ ಅವನ ಮನೆ ಯಾವ ಬೀದಿಯಲ್ಲಿದೆ ಎಂದು ಅವಳು ಕೇಳಿರಲಿಲ್ಲ. ಅಂದೂ ಕೇಳಲಿಲ್ಲ.