ಮುದಕಪ್ಪ ಕಟ್ಟಿದ ಕುಬಸದ ಹಾಡು

ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ. ಕಬ್ಬಿಣ ತುರಿಯುವ ಶೆಡ್ಡಿನಲ್ಲಿ ನನ್ನ ಪಕ್ಕದ ಲೇತ್ ಮುದಕಪ್ಪನದು. ಲಗ್ಗೆರೆಯ ವಠಾರದಲ್ಲಿ ಪಕ್ಕದ ಮನೆಯೂ ಅವನದೇ. ಬಾಗಲಕೋಟೆ ಕಡೆಯವನು. ಹೆಂಡತಿ ತೀರಿಹೋಗಿದ್ದಳು. ಮಗಳು ಸವಿತಾ ಬಸುರಿಯಾದಳು. ಹಸಿರು ಸೀರೆ ಉಡಿಸಿ, ಹಾಡಿ, ಆರತಿ ಎತ್ತುವ ಕುಬಸವನ್ನು ತವರಿನವರೇ ಮಾಡಬೇಕು.

“ಅವ್ವ ಇದ್ದಿದ್ರ ನನ್ನ ಹೆಸರು ಹಾಕಿ ಹಾಡು ಕಟ್ತಿದ್ಲು” ಎಂದಳು ಸವಿತಾ.

“ನಾನ ಕಟ್ತೀನಿ ತಗೋ” ಎಂದುಬಿಟ್ಟ ಮುದಕಪ್ಪ.

ಕಟ್ಟಿದ. ದಿನಾ ಸಂಜೆ ಹಾಡಿ ನೋಡುತ್ತಿದ್ದ. ಕೇಳಿದವರೆಲ್ಲ ಒಂದೊಂದು ಹೇಳಿದರು. ನಾನು ಉದ್ದವಾಯಿತು ಎಂದೆ. ಎರಡು ನುಡಿ ಹೋಯಿತು. ಅಳಿಯ ಹನುಮೇಶ, “ಮಾವಾರ, ನನ್ನ ಹೆಸರ ಇಲ್ಲಲ್ರೀ” ಎಂದ, ಅದು ಬಂತು. ಗೋಡೆಯಾಚೆಯ ಮನೆಯ ಮುದುಕಿ ದುರ್ಗವ್ವ ಸಿಡುಕಿದಳು: “ಶುಭಕಾರ್ಯದಾಗ ಸತ್ತಾಕಿ ಮಾತ್ಯಾಕೋ? ತಗಿ.” ಹೆಂಡತಿಯ ಮೇಲಿನ ನುಡಿಯನ್ನೂ ತೆಗೆದ.

ನನಗೆ ರೇಗಿತು. “ಎಲ್ಲರ ಮಾತೂ ಕೇಳ್ತೀಯಲ್ಲಯ್ಯಾ, ನಿಂಗೆ ಬುದ್ಧಿ ಇಲ್ವಾ?”

“ಇನ್‌ಸ್ಪೆಕ್ಷನ್‌ನವ್ರು ಸೈಜ್ ಜಾಸ್ತಿ ಐತಿ ಅಂದ್ರ ನೀ ವಾದ ಮಾಡ್ತಿಯೇನು? ತುರಿದು ಕೊಡ್ತಿ, ಹೌದಿಲ್ಲೋ?”

ಹೌದು. ಆದರೆ ಲೇತಿನಲ್ಲಿ ತುರಿದು ತೆಗೆದದ್ದು ಮತ್ತೆ ಅಂಟುವುದಿಲ್ಲ. ಹಾಡಿಗೂ ಹಾಗೆಯೋ, ನನಗೆ ಗೊತ್ತಾಗಲಿಲ್ಲ. ಗೊತ್ತಾಗದ್ದಕ್ಕೆ ಇನ್ನೂ ಸಿಟ್ಟು ಬಂತು.

ಕುಬಸದ ದಿನ ಹೆಂಗಸರ ನಡುವೆ ನಿಂತು ಮುದಕಪ್ಪ ಹಾಡಿದ. ಬೇಗ ಮುಗಿಯಿತು. ಸವಿತಾ ತಲೆಯೆತ್ತಿ, “ಅಪ್ಪಾ, ಇದರಾಗ ಅವ್ವ ಎಲ್ಲದಾಳ?” ಎಂದಳು.

ಮುದಕಪ್ಪ ದುರ್ಗವ್ವನ ಮುಖ ನೋಡಿದ. ಮುದುಕಿ ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಆಮೇಲೆ ತಾನೇ ಎತ್ತಿದಳು:

ಹೊಸ್ತಿಲ ಹೊರಗ ನಿಂತಾಳ ನಿಮ್ಮವ್ವ,
ಒಳಗ ಕರಿ, ಮಗಳ, ಆರತಿ ಹಿಡಿಯಾಕ.

ತಾನೇ ತಗಿ ಎಂದಿದ್ದ ಅದೇ ನುಡಿ! ದಿನಾ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಗೆ ಬಂದಿತ್ತು. ಹೆಂಗಸರು ದನಿಗೂಡಿಸಿದರು. ಸವಿತಾ ಬಾಗಿಲ ಕಡೆ ನೋಡುತ್ತಾ ಅತ್ತಳು, ಅಳುತ್ತಲೇ ನಕ್ಕಳು.

ಮುದಕಪ್ಪ ನನ್ನನ್ನು ಹೊರಗೆ ಎಳೆದುಕೊಂಡು ಬಂದ. “ತಗಿ ಅಂದಾಕಿನೂ ಆಕಿನ, ಹಾಡಿದಾಕಿನೂ ಆಕಿನ. ಹಂಗಾದ್ರ ತಗೀಬೇಕಿತ್ತೋ, ಬ್ಯಾಡಾಗಿತ್ತೋ?”

“ನನ್ನೇನ್ ಕೇಳ್ತೀಯಾ? ನಂಗೇನ್ ಗೊತ್ತು?” ಎಂದು ಕೂಗಿದೆ.

ಒಳಗಿನಿಂದ ದುರ್ಗವ್ವ ಅದಕ್ಕಿಂತ ಜೋರಾಗಿ ಕೂಗಿದಳು: “ಮುದಕಪ್ಪಾ, ತೊಟ್ಟಿಲದ ಹಾಡೂ ನೀನ ಕಟ್ಟು! ಆದ್ರ ಮೊದಲ ನನಗ ಹೇಳಿ ತೋರಿಸು!”

ಅವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.