ಪರರಿಗಾಗಿ ಪ್ರಾರ್ಥನೆ

ಆಂಡರ್ಸನ್‌ಪೇಟೆಯ ಪ್ರಾರ್ಥನಾಕೂಟದಲ್ಲಿ ಜ್ಞಾನಪ್ರಕಾಶಂ ಕಣ್ಣು ಮುಚ್ಚಿದರೆ ಊರಿನವರ ಬಣ್ಣವೆಲ್ಲ ಬಯಲಾಗುತ್ತಿತ್ತು. "ಕರ್ತನೇ, ನಮ್ ರೋಸಮ್ಮನ ನಾಲಿಗೆಗೆ ಕಡಿವಾಣ ಹಾಕಪ್ಪಾ! ಕಾಂತರಾಜಂಗೆ ಕುಡಿತ ಬಿಡಿಸಪ್ಪಾ!" ಇದು ಚಾಡಿಯಲ್ಲ, ಪರರಿಗಾಗಿ ಪ್ರಾರ್ಥನೆ ಎಂಬುದು ಅವರ ದೃಢವಿಶ್ವಾಸ. ಸ್ವಂತ ಪಾಪ ಹೇಳಿ ದೇವರ ಸಮಯ ಹಾಳುಮಾಡಿದವರಲ್ಲ. ಬೇರೆಯವರು ಪ್ರಾರ್ಥಿಸುವಾಗ ಮಾತುಮಾತಿಗೂ "ಆಮೆನ್" ಗುಡುಗುವ ಗುತ್ತಿಗೆಯೂ ಅವರದೇ. ಮೊನ್ನೆ, ಕೂಟದಲ್ಲಿ ಎಂದೂ ಬಾಯಿಬಿಡದ ಹೆಂಡತಿ ಸ್ಟೆಲ್ಲಾ ಮೊಣಕಾಲೂರಿದಳು: "ಸ್ವಾಮೀ, ಊರೋರ ತಪ್ಪೆಲ್ಲ ಕಾಣೋ ನಮ್ಮನೆಯವ್ರಿಗೆ, ಮನೇಲಿ ನಾನೊಬ್ಳಿರೋದೂ ಕಾಣಂಗೆ ಮಾಡಪ್ಪಾ." "ಆಮೆನ್!" ಎಂದು ಗುಡುಗಿದ ಮೇಲೆಯೇ ಅವರಿಗೆ ಅರ್ಥವಾದದ್ದು. ಮುಂದಿನ ಸರದಿ ಅವರದು. "ಕರ್ತನೇ, ನಾನು..." ಅಂದವರು ಕೆಮ್ಮಿ, ಮತ್ತೆ "ನಾನು..." ಎಂದೇ ಶುರುಮಾಡಿದರು. ಪಕ್ಕದಲ್ಲಿ ಕೂತಿದ್ದ ರೋಸಮ್ಮ ಮೆಲ್ಲಗೆ ಉಸುರಿದಳು: "ಅಂದ್ಬುಡಣ್ಣಾ, ನಾವ್ಯಾರೂ ಕಣ್ಣು ತೆಗಿಯಲ್ಲ."