ಬಾಯಿ ತೆಗೆಯದ ಹಗೇವು

ಮೊನ್ನೆ ಸೊಸೆ ರೇಷನ್ ಡಿಪೋದಿಂದ ತಂದ ರಾಗಿಯನ್ನು ಮೊರಕ್ಕೆ ಸುರಿದಳು. ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅಲ್ಲಿಗೇ ಬಂತು ಆ ಮುಗ್ಗಲು ವಾಸನೆ. ಒದ್ದೆ ಗೋಣಿ, ಇಲಿ ಹಿಕ್ಕೆ, ಹಳೆ ಗೋಡೆಯ ಮಣ್ಣು ಎಲ್ಲ ಸೇರಿದಂಥ ವಾಸನೆ. "ಎರಡ್ಸಲ ತೊಳದ್ರೆ ಹೋಗ್ತೈತೆ ಬಿಡ್ರತ್ತೆ" ಅಂದಳು ಸೊಸೆ. ಹೋಗುವುದಿಲ್ಲ. ತೊಳೆದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಮುದ್ದೆ ಕಟ್ಟಿ ಹುರುಳಿ ಸಾರಿನಲ್ಲಿ ಮುಳುಗಿಸಿದರೂ ಗಂಟಲ ಹತ್ತಿರ ಬಂದಾಗ ನಾನಿದ್ದೇನೆ ಅನ್ನುತ್ತದೆ. ನನ್ನ ಹರೆಯವೆಲ್ಲ ಅದನ್ನು ಉಂಡೇ ಕಳೆದದ್ದು. ಉಣ್ಣಿಸಿದವಳು ನನ್ನ ದೊಡ್ಡತ್ತೆ.

ನನ್ನ ಗಂಡನ ದೊಡ್ಡಪ್ಪನ ಹೆಂಡತಿ ಅವಳು. ನನ್ನ ಸ್ವಂತ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದಳು. ಮಹಾರಾಜರ ಕಾಲ, ಹೊಳಲ್ಕೆರೆಗೆ ಹೋಗಬೇಕೆಂದರೆ ಬೆಳಗಿನ ಜಾವ ಗಾಡಿ ಕಟ್ಟಬೇಕಾಗಿದ್ದ ಊರು. ಅಣ್ಣತಮ್ಮಂದಿರು ಯಾರೂ ಬೇರೆಯಾಗದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಮನೆ. ರಾಗಿ, ಜೋಳ, ಹುರುಳಿ ನಮ್ಮ ಹೊಲದ್ದು, ಎಣ್ಣೆ ನಮ್ಮ ಹುಚ್ಚೆಳ್ಳಿನದು, ಬೆಣ್ಣೆ ನಮ್ಮ ಎಮ್ಮೆಯದು. ಸಂತೆಯಿಂದ ಬರುತ್ತಿದ್ದದ್ದು ಉಪ್ಪು, ಬಟ್ಟೆ, ಸೀಮೆಎಣ್ಣೆ. ಇಷ್ಟು ದೊಡ್ಡ ಮನೆಯ ಹೊಟ್ಟೆಯನ್ನು ನಡೆಸುತ್ತಿದ್ದವಳು ಅವಳೊಬ್ಬಳೇ. ಕೆಲಸ ಗೊತ್ತಿರಲಿಲ್ಲ ಅಂತ ನಾನು ಹೇಳಲಾರೆ. ಎಷ್ಟು ಜನ ಉಣ್ಣಲು ಕೂತಿದ್ದಾರೆಂದು ಒಮ್ಮೆ ಬಗ್ಗಿ ನೋಡಿ ಹಿಟ್ಟು ಸುರಿದರೆ ಒಂದು ಮುದ್ದೆ ಹೆಚ್ಚಾಗುತ್ತಿರಲಿಲ್ಲ, ಒಂದು ಕಡಿಮೆಯಾಗುತ್ತಿರಲಿಲ್ಲ. ಆದರೆ ಆ ಕೈಯನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯ. ಸಾರಿನ ಮಡಕೆಗೆ ಬೆರಳು ಅದ್ದಿ ನೆಕ್ಕುವಳು, ಉಪ್ಪು ಸಾಲದೆಂದು ಹಾಕಿ ಅದೇ ಬೆರಳನ್ನು ಮತ್ತೆ ಅದ್ದುವಳು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮೂಗಿನ ಕೆಳಗೆ ಸದಾ ನಶ್ಯದ ಕಂದು ಗೆರೆ. ನಶ್ಯ ಏರಿಸಿ ಏರಿಸಿ ಅವಳ ಮೂಗು ಎಂದೋ ಸತ್ತಿತ್ತು. ಯಾವುದು ನಾರುತ್ತದೆ ಎಂದು ಹೇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಕಣದ ಅಂಚಿನಲ್ಲಿ ಮೂರು ಹಗೇವು ಇದ್ದವು. ಈಗಿನ ಹುಡುಗರು ನೋಡಿರಲಿಕ್ಕಿಲ್ಲ... ನೆಲದಲ್ಲಿ ಬಾವಿಯಂತೆ ತೋಡಿ, ಸುತ್ತ ಹುಲ್ಲು ಒತ್ತಿ, ಒಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಮೆತ್ತುತ್ತಿದ್ದರು. ಮುಚ್ಚಿರುವಷ್ಟು ಕಾಲ ರಾಗಿ ಕೆಡದು. ಆದರೆ ಒಮ್ಮೆ ಬಾಯಿ ತೆಗೆದರೆ ಗಾಳಿ ಹೊಕ್ಕಿತೆಂದು ಅಷ್ಟನ್ನೂ ಮೇಲಕ್ಕೆ ಹಾಕಲೇಬೇಕು. ಹಾಗೆ ಮೇಲೆ ಬಂದದ್ದು ಒಳಮನೆಯ ದೊಡ್ಡ ಮಣ್ಣಿನ ವಾಡೆಗಳಿಗೆ ಬೀಳುತ್ತಿತ್ತು. ವಾಡೆ ಬರಿದಾಗುವ ತನಕ ಹೊಸ ರಾಗಿ ಮುಟ್ಟಬಾರದೆಂಬುದು ದೊಡ್ಡತ್ತೆಯ ಕಟ್ಟಳೆ. ಅದು ಬರಿದಾಗಲು ವರ್ಷಗಳೇ ಬೇಕು. ಅಷ್ಟರಲ್ಲಿ ಆ ಕತ್ತಲ ಕೋಣೆಯ ತೇವಕ್ಕೆ ರಾಗಿ ಬೂಷ್ಟು ಹಿಡಿದು ಗಂಟುಗಟ್ಟಿರುತ್ತಿತ್ತು. ಸುಗ್ಗಿಯಲ್ಲಿ ಕಣದ ತುಂಬ ಕೆಂಪಗೆ ಹೊಸ ರಾಗಿಯ ರಾಶಿ. ನಾವು ಸೊಸೆಯರು ಅದನ್ನು ಕೇರಿ, ಹಗೇವಿಗೆ ತುಂಬಿಸಿ, ಒಳಗೆ ಬಂದು ಗಂಟುಗಟ್ಟಿದ್ದನ್ನು ಬೀಸುತ್ತಿದ್ದೆವು. ಕೂಲಿಗೆ ಹೊಸ ರಾಗಿ ಅಳೆಸಿಕೊಂಡು ಹೋದ ಆಳುಗಳು ನಮಗಿಂತ ಒಳ್ಳೆಯ ಮುದ್ದೆ ಉಣ್ಣುತ್ತಿದ್ದರು. ಥೂ, ಅದೆಂಥ ಶ್ರೀಮಂತಿಕೆಯೋ.

ಚಿಕ್ಕಂದಿನಲ್ಲಿ ಧಾತು ವರ್ಷದ ದೊಡ್ಡ ಬರ ಕಂಡವಳಂತೆ ಅವಳು. ಕಾಡುಗೆಡ್ಡೆ ಬೇಯಿಸಿ ತಿಂದು ಬದುಕಿದವಳಂತೆ, ಕಣ್ಣೆದುರೇ ತಮ್ಮನನ್ನು ಕಳೆದುಕೊಂಡಳಂತೆ. ಮನೆಯ ಗಂಡಸರು ಇದನ್ನು ಹೇಳಿ ಅವಳ ಪರ ವಹಿಸುತ್ತಿದ್ದರು. ಇರಬಹುದು. ಮೊದಮೊದಲು ನನಗೂ ಅಯ್ಯೋ ಅನ್ನಿಸುತ್ತಿತ್ತು. ಓರಗಿತ್ತಿಯ ಮಗುವಿನ ಸಂಗತಿ ನಡೆದ ಮೇಲೆ ಆ ಕನಿಕರ ಸತ್ತುಹೋಯಿತು.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ, ಹಿರಿಯೂರು ಕಡೆಯ ಹುಡುಗಿ. ನನ್ನನ್ನು ಅಕ್ಕ ಎನ್ನುತ್ತಿದ್ದಳು, ರಾಗಿಕಲ್ಲಿಗೆ ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವಳ ಚೊಚ್ಚಲು ಮಗು ಅಂಬೆಗಾಲಿಡುವ ಹೊತ್ತಿಗೆ ಅವಳಿಗೆ ಜ್ವರ ಬಂದು ಎದೆಹಾಲು ಬತ್ತಿತು. ಹಸುವಿನ ಹಾಲು ಕೊಟ್ಟರೆ ಮಗು ಕಕ್ಕುತ್ತಿತ್ತು. ಇನ್ನು ರಾಗಿ ಸರಿಯೇ ಗತಿ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ, ಆ ಹಿಟ್ಟನ್ನು ತೆಳ್ಳಗೆ ಕಾಯಿಸಿ ಕುಡಿಸುವುದು. ಇದನ್ನು ಕುಡಿಯದೆ ಬೆಳೆದ ಮಗು ನಮ್ಮ ಸೀಮೆಯಲ್ಲಿಲ್ಲ. ಅವಳು ವಾಡೆಯ ರಾಗಿ ನೆನೆಹಾಕಿ ಕಟ್ಟಿದಳು. ಮಾರನೆಯ ದಿನ ಗಂಟು ಬಿಚ್ಚಿದರೆ ಮೊಳಕೆಯಿಲ್ಲ, ಲೋಳೆ. ಇನ್ನೊಮ್ಮೆ ಕಟ್ಟಿದಳು. ಅದೂ ಹುಳಿತು ನಾರಿತು. ಸತ್ತ ರಾಗಿಗೆ ಎಲ್ಲಿಂದ ಮೊಳಕೆ ಬಂದೀತು? ಕೊನೆಗೆ ಮೊಳಕೆ ಇಲ್ಲದೆಯೇ ಹಿಟ್ಟು ಮಾಡಿ ಕುಡಿಸಿದಳು. ಮಗುವಿಗೆ ಭೇದಿ ಹಿಡಿಯಿತು.

ಅವಳಿಗೆ ಕೇಳುವ ಧೈರ್ಯವಿರಲಿಲ್ಲ. ನಾನೇ ಹೋಗಿ ದೊಡ್ಡತ್ತೆಯ ಮುಂದೆ ನಿಂತೆ. ಒಂದು ಹಗೇವು ತೆಗೆಸಿ, ಮಗುವಿಗೆ ಒಳ್ಳೆಯ ರಾಗಿ ಬೇಕು ಎಂದೆ. ಅವಳು ನಶ್ಯ ಏರಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಹಗೇವು ಬಾಯಿ ತೆಗದ್ರೆ ಅಷ್ಟೂ ಈಚೆ ಹಾಕ್ಬೇಕು. ಒಂದು ಬೊಗಸೆ ರಾಗಿಗೆ ಹಗೇವು ತೆಗಸ್ತಾರೇನೇ? ನಾವೆಲ್ಲ ಉಣ್ಣಾದು ಅದುನ್ನೇ ಅಲ್ವಾ?"

ಗಂಡಸರಿಗೆ ಹೇಳಿದೆವು. ಒಳಗಿನ ವಿಚಾರ ನಮಗೇನು ಗೊತ್ತು ಎಂದು ಟವೆಲ್ಲು ಕೊಡವಿ ಹೊಲಕ್ಕೆ ಹೊರಟರು. ಊರಲ್ಲಿ ಯಾರನ್ನಾದರೂ ಕೇಳೋಣವೆಂದರೆ, ಮೂರು ಹಗೇವಿನ ಮನೆಯ ಸೊಸೆ ಸೆರಗೊಡ್ಡಿದಳೆಂದು ಮಾನ ಹೋಗುತ್ತದೆ. ನಾನು ಹೊರಕೆರೆದೇವಪುರದ ನನ್ನ ತೌರಿಗೆ ಹೇಳಿಕಳಿಸಿದೆ. ಅಣ್ಣ ತಾನೇ ಹೊತ್ತು ತಂದ, ಒಂದು ಸಣ್ಣ ಚೀಲ ಹೊಸ ರಾಗಿ. ನಾನು ಹಿತ್ತಲಲ್ಲಿ ದನದ ಕೆಲಸದಲ್ಲಿದ್ದೆ. ಅವನು ಚೀಲವನ್ನು ಪಡಸಾಲೆಯಲ್ಲಿ ದೊಡ್ಡತ್ತೆಯ ಕೈಗೇ ಕೊಟ್ಟು ನೀರು ಕುಡಿಯುತ್ತಾ ಕೂತಿದ್ದ. ನಾನು ಕೈ ತೊಳೆದು ಓಡಿಬರುವಷ್ಟರಲ್ಲಿ ಅವಳು ಒಳಮನೆಯಿಂದ ಖಾಲಿ ಚೀಲ ಕೊಡವುತ್ತಾ ಈಚೆ ಬಂದಳು. ರಾಗಿಯನ್ನು ವಾಡೆಗೆ ಸುರಿದಿದ್ದಳು. ಬೂಷ್ಟು ಹಿಡಿದದ್ದರ ಮೇಲೆ ಸುರಿದು, ಕೈಯಾಡಿಸಿ ಬೆರೆಸಿಯೂ ಬಿಟ್ಟಿದ್ದಳು.

"ಅದು ಮಗೀಗೆ ಅಂತ ತರಿಸಿದ್ದು ಅತ್ತೇರೆ" ಎಂದೆ.

"ತೌರಿಂದ ಬಂದಿದ್ದು ಮನೀದು. ಇವತ್ತು ಬ್ಯಾರೆ ಚೀಲ ಅಂತೀರಿ, ನಾಳೆ ಬ್ಯಾರೆ ಒಲೆ ಅಂತೀರಿ. ನಾನಿರಾಗಂಟ ಈ ಮನೇಲಿ ಎಲ್ಡು ಒಲೆ ಉರಿಯಾಕಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ ಅದು, ಉಪ್ಪಿನ ಲೆಕ್ಕ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅದೇ ನನಗೆ ಹೇಸಿಗೆ ತಂದದ್ದು. ಆ ಸಂಜೆ ನಾನೂ ಓರಗಿತ್ತಿಯೂ ವಾಡೆಯೊಳಗೆ ತಲೆ ಹಾಕಿ, ದೀಪ ಹಿಡಿದು, ಕೆಂಪನೆಯ ಕಾಳನ್ನು ಕರಿಯ ಕಾಳಿನಿಂದ ಆರಿಸಲು ನೋಡಿದೆವು. ಸಾಸಿವೆಗಿಂತ ಸಣ್ಣ ಕಾಳು... ಎಲ್ಲಿ ಆಗುತ್ತದೆ. ಅವಳು ಆರಿಸುತ್ತಲೇ ಇದ್ದಳು, ಕೊನೆಗೆ ನಾನೇ ಕೈ ಹಿಡಿದು ಎಬ್ಬಿಸಿದೆ.

ಅಣ್ಣನಿಗೆ ಮತ್ತೆ ಹೇಳಿಕಳಿಸಿದೆ. ಅವನು ಎರಡನೆಯ ಚೀಲ ತರುವಷ್ಟರಲ್ಲಿ ಮಗು ಹೋಗಿತ್ತು. ಕೊನೆಯ ದಿನಗಳಲ್ಲಿ ಅಳುವ ಶಕ್ತಿಯೂ ಅದಕ್ಕಿರಲಿಲ್ಲ. ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ದೊಡ್ಡತ್ತೆ ಎಲ್ಲರಿಗಿಂತ ಜೋರಾಗಿ ಅತ್ತಳು. ಅತ್ತು ಎದ್ದು, ಬಂದವರಿಗೆ ಹಿಟ್ಟು ಅಳೆದುಕೊಟ್ಟಳು. ಎಂದಿನಂತೆ ಒಂದು ಮುದ್ದೆಯೂ ಹೆಚ್ಚಾಗಲಿಲ್ಲ.

ಮರುವರ್ಷ ಅವಳ ಕೊನೆಯ ಮಗಳಿಗೆ ಹೊಸದುರ್ಗದ ಕಡೆಯ ಗಂಡು ಕೂಡಿಬಂತು. ಮದುವೆಗೆ ಅಕ್ಕಿ, ಬೆಲ್ಲ ಬೇಕು, ಅದಕ್ಕೆ ರಾಗಿ ಮಾರಬೇಕು. ಒಂದು ಬೊಗಸೆಗೆ ತೆಗೆಯದ ಹಗೇವನ್ನು ಈಗ ತೆಗೆಸಿದಳು. ಆಳುಗಳು ಮಣ್ಣು ಕೆದರಿ ಚಪ್ಪಡಿ ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಹಾಗೇ ಬಿಟ್ಟರು, ದೀಪ ಇಳಿಸಿ ಆರುವುದಿಲ್ಲವೆಂದು ನೋಡಿಕೊಂಡು ಒಬ್ಬ ಇಳಿದ. ಮೊದಲ ಮಂಕರಿ ಮೇಲೆ ಬಂದಾಗ ನಿಂತವರೆಲ್ಲ ಮೂಗು ಮುಚ್ಚಿಕೊಂಡರು. ಆ ವರ್ಷ ಹಿಂಗಾರು ಜೋರಾಗಿ ಸುರಿದು ಒಂದು ಮಗ್ಗುಲಿನಿಂದ ನೀರು ಜಿನುಗಿತ್ತು. ರಾಗಿ ಕೊಳೆತು ಕರಿ ಮಣ್ಣಾಗಿತ್ತು, ಹೆಂಡದ ವಾಸನೆ. ಮಂಕರಿ ಮೇಲೆ ಮಂಕರಿ ಅದೇ ಬಂತು. ಓರಗಿತ್ತಿ ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ದೊಡ್ಡತ್ತೆ ತಲೆ ಚಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಕೊಳೆತ ರಾಗಿಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಮುಖದಲ್ಲಿ ಏನೋ ಇಳಿದುಹೋದಂತಾಯಿತು. ಓರಗಿತ್ತಿಯ ಕಡೆ ತಿರುಗಿ, ನಾನೆಂದೂ ಅವಳ ಬಾಯಲ್ಲಿ ಕೇಳದಿದ್ದ ಮೆತ್ತನೆಯ ದನಿಯಲ್ಲಿ ಹೇಳಿದಳು:

"ನೋಡ್ದ್ಯಾ ತಾಯಿ, ಆವಾಗ್ಲೇ ಕೆಟ್ಟೋಗಿತ್ತು. ತೆಗಸಿದ್ರೂ ನಿನ್ ಮಗೀಗೆ ಇದೇ ಸಿಗ್ತಿತ್ತು. ಋಣ ಇರ್ಲಿಲ್ಲ ಬಿಡು."

ನೆಮ್ಮದಿ! ಮನೆಯ ರಾಗಿ ಕೊಳೆತಿದ್ದನ್ನು ಕಂಡು ಆ ಹೆಂಗಸಿಗೆ ನೆಮ್ಮದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಹಗೇವಿನ ನಡುವಿನ ರಾಗಿ ಮೇಲೆ ಬರತೊಡಗಿತು. ಅಲ್ಲಿಗೆ ನೀರು ಮುಟ್ಟಿರಲಿಲ್ಲ. ಒಣಗಿದ್ದ, ಕೆಂಪನೆಯ ರಾಗಿ. ಓರಗಿತ್ತಿ ಅದರಲ್ಲಿ ಒಂದು ಬೊಗಸೆ ತುಂಬಿಕೊಂಡು ಒಳಗೆ ಹೋದಳು.

ಎರಡು ದಿನ ಕಳೆದು, ದೊಡ್ಡತ್ತೆ ಉಗ್ರಾಣದ ಬಾಗಿಲಲ್ಲಿ ಮದುವೆಯ ಅಕ್ಕಿ ಕೇರಿಸುತ್ತಾ ಕೂತಿದ್ದಾಗ, ಓರಗಿತ್ತಿ ಬಂದು ಅವಳ ಮುಂದೆ ಒಂದು ಒದ್ದೆ ಬಟ್ಟೆಯ ಗಂಟು ಇಟ್ಟು ಬಿಚ್ಚಿದಳು. ಒಂದೊಂದು ಕಾಳಿಗೂ ಬೆಳ್ಳನೆಯ ಮೊಳಕೆ. ಬಟ್ಟೆಯ ನೂಲಿನ ಸಂದಿಯಿಂದ ಈಚೆಗೂ ಚಾಚಿದ್ದವು. ಬಿಚ್ಚಿ ಅಲ್ಲೇ ನಿಂತಳು. ನಮ್ಮ ಕೈಯ ಮೊರಗಳು ನಿಂತವು. ದೊಡ್ಡತ್ತೆ ಬಗ್ಗಿ ಅದನ್ನೇ ನೋಡಿದಳು. ಅವಳಿಗೆ ಅರ್ಥವಾಗಿತ್ತು, ಕತ್ತಿನ ನರ ಹೊಡೆದುಕೊಳ್ಳುತ್ತಿದ್ದುದನ್ನು ನಾನು ಕಂಡೆ. ಈಗಾದರೂ ಏನಾದರೂ ಅಂದಾಳು ಎಂದು ಕಾದೆ...

"ಬಿಸಿಲಿಗೆ ಹಾಕು. ಒಣಗಿದ್ ಮ್ಯಾಲೆ ಹಿಟ್ಟು ಮಾಡ್ಸು. ದಂಡ ಮಾಡ್ಬ್ಯಾಡ" ಎಂದಳು.

ಓರಗಿತ್ತಿ ಮದುವೆ ಮುಗಿದ ಮೇಲೆ ಹಿರಿಯೂರಿಗೆ ತೌರಿಗೆ ಹೋದವಳು ತಿರುಗಿ ಬರಲಿಲ್ಲ. ಮೈದುನ ಎರಡು ಸಲ ಹೋಗಿ ಕರೆದು ಬರಿಗೈಯಲ್ಲಿ ಬಂದ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೂ ಹೋಗಲಾಗಲಿಲ್ಲ, ನನಗೆ ನಡೆಯಲು ಆಗುವುದಿಲ್ಲ. ದೊಡ್ಡತ್ತೆ ಹೋಗಿ ಎಷ್ಟೋ ಕಾಲವಾಯಿತು. ಅವತ್ತು ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಇವತ್ತೂ ಬರುವುದಿಲ್ಲ. ನೆಂಟರಿಷ್ಟರು ಬಂದರೆ ಈಗಲೂ ಅವಳನ್ನೇ ಹೊಗಳುತ್ತಾರೆ, ಆಯಮ್ಮ ಎಂಥ ಮನೆ ನಡೆಸಿದಳು, ಇರುವ ತನಕ ಒಡೆಯಗೊಡಲಿಲ್ಲ ಎನ್ನುತ್ತಾರೆ. ನಿಜ, ಒಡೆಯಲಿಲ್ಲ. ಅವಳು ಕಣ್ಣು ಮುಚ್ಚುವ ತನಕ ಒಂದೇ ಒಲೆ ಉರಿಯಿತು, ಎಲ್ಲರೂ ಒಂದೇ ರಾಗಿ ಉಂಡೆವು. ಆ ಮಗುವಿಗೂ ಅದನ್ನೇ ಕೊಟ್ಟೆವು.